ಪಾಲಾಕ್ಷನ ಅಂತರ್‌ಶಿಸ್ತು ಪ್ರಕರಣ

ಮೊಳಕಾಲ್ಮೂರಿನ ಒಂದು ಸರ್ಕಾರಿ ಕಚೇರಿಯ ಹಳೆಯ ದಾಖಲೆಗಳ ಕೋಣೆಯಲ್ಲಿ ಪಾಲಾಕ್ಷ ದ್ವಿತೀಯ ದರ್ಜೆ ಸಹಾಯಕನಾಗಿದ್ದ. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ಹೇಳಬಾರದೆಂದು ಅವನೇ ಕೈಮುಗಿದು ಕೇಳಿಕೊಂಡಿದ್ದಾನೆ. ಅವನ ಸ್ವಭಾವವೇ ಅಂಥದ್ದು. ಎದುರಿಗೆ ಪೊಲೀಸ್ ಜೀಪು ಬಂದರೆ ತಲೆಯ ಮೇಲೆ ಹೆಲ್ಮೆಟ್ ಇದ್ದರೂ ಬೈಕಿನಿಂದ ಇಳಿದು ನಿಲ್ಲುತ್ತಿದ್ದ. ಬ್ಯಾಂಕಿನಿಂದ ಫೋನ್ ಬಂದರೆ ಎದ್ದು ನಿಂತು ಮಾತಾಡುತ್ತಿದ್ದ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಂದು ದಿನವೂ ತಡವಾಗಿ ಹೋದವನಲ್ಲ. ಬೇಗ ಹೋದರೂ ಯಾಕೆ ಬೇಗ ಬಂದೆ ಎಂದು ಯಾರಾದರೂ ಕೇಳಿಯಾರೆಂದು ಗೇಟಿನಾಚೆ ಬೇವಿನ ಮರದ ಕೆಳಗೆ ನಿಂತಿದ್ದು ಹತ್ತು ಗಂಟೆಗೆ ಸರಿಯಾಗಿ ಒಳಗೆ ಕಾಲಿಡುತ್ತಿದ್ದ.

ಇಂಥ ಮನುಷ್ಯ ಒಂದು ಸುಳ್ಳು ಹೇಳಿದ. ಒಂದಲ್ಲ, ಮೂರು. ಅದೂ ಒಂದೇ ಊಟದಲ್ಲಿ.

ಚಳ್ಳಕೆರೆಯಲ್ಲಿ ಅವನ ಷಡ್ಡಕ ಕಿರಣ್‌ಕುಮಾರ್ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಕಿರಣ್‌ಕುಮಾರ್ ಪಿಯು ಕಾಲೇಜಿನಲ್ಲಿ ಕಾಮರ್ಸ್ ಉಪನ್ಯಾಸಕ. ಪಾಲಾಕ್ಷ ಬರೀ ಬಿ.ಎ. ಪಂಕ್ತಿಯಲ್ಲಿ ಕೂತಿದ್ದಾಗ ಮಾವ ಚಿನ್ನಯ್ಯ ಪಕ್ಕಕ್ಕೆ ಬಂದು ಕೂತರು. ನಲವತ್ತು ವರ್ಷ ಎಣ್ಣೆ ಮಿಲ್ಲಿನಲ್ಲಿ ತೂಕ ಹಾಕಿದವರು. ಮನುಷ್ಯರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿಯೇ ಮಾತಿಗೆ ತೊಡಗುತ್ತಿದ್ದರು.

“ದೊಡ್ಡಳಿಯ ಎಂಕಾಂ ಮುಗಿಸಿ ಇನ್ನೂ ಏನೋ ಓದ್ತಾ ಐದಾನೆ. ನೀವೇನೂ ಮುಂದೆ ಓದ್ಲಿಲ್ವೇನು ಅಳಿಯಂದ್ರೆ?”

ಪಾಲಾಕ್ಷ ಎತ್ತಿದ ತುತ್ತನ್ನು ಎಲೆಗೇ ಇಳಿಸಿದ. “ಎಂ.ಎ. ಮಾಡ್ತಿದೀನಿ ಮಾವ,” ಎಂದುಬಿಟ್ಟ.

“ಯಾತ್ರಲ್ಲಿ?”

“ಇತಿಹಾಸ.”

ಮಾವ ತಲೆಯಾಡಿಸಿ ಸಾರಿಗೆ ಕೈಹಾಕಿದರು. ಅಷ್ಟರಲ್ಲಿ ಬಡಿಸುತ್ತಿದ್ದ ಕಿರಣ್‌ಕುಮಾರ್ ಬಂದ. “ಏನಪ್ಪಾ ಪಾಲಾಕ್ಷ, ಎಂ.ಎ. ಅಂತೆ? ನಮ್ ಕಾಲೇಜಿನ ಹಿಸ್ಟರಿ ಮೇಷ್ಟ್ರು ಅಲ್ಲೇ ಆ ಸಾಲಲ್ಲಿ ಊಟ ಮಾಡ್ತಾ ಇದಾರೆ. ಕರೀಲಾ? ಪರಿಚಯ ಮಾಡ್ಸಿಕೊಡ್ತೀನಿ.”

“ಬೇಡಣ್ಣ, ಬೇಡ! ನಂದು ಹಿಸ್ಟರಿ ಅಲ್ಲ, ಕನ್ನಡ!”

ಕಿರಣ್‌ಕುಮಾರ್ ಮುಂದಿನ ಎಲೆಗೆ ಹೋದ. ಅವನ ಹಿಂದೆಯೇ ಮಜ್ಜಿಗೆ ಹಿಡಿದು ಅತ್ತಿಗೆ ರೇಣುಕಮ್ಮ ಬಂದಳು. ಅಂದರೆ ಹೆಂಡತಿಯ ಅಕ್ಕ, ಕಿರಣ್‌ಕುಮಾರನ ಮನೆಯಾಕೆ. “ಕನ್ನಡ ಎಂ.ಎ. ಅಂತೆ? ಒಳ್ಳೇದಾತು. ನಮ್ ಪಕ್ಕದ ಮನೆಯವ್ರೂ ಕನ್ನಡ ಪಂಡಿತ್ರು. ನಿಮಗೇನಾದ್ರು ಕೇಳೋದಿದ್ರೆ...”

“ಕನ್ನಡ ಅಲ್ಲ ಅಕ್ಕ. ಸಮಾಜಶಾಸ್ತ್ರ.”

ಮಜ್ಜಿಗೆ ಎಲೆಯಿಂದ ಹೊರಗೆ ಹರಿಯಿತು. ಯಾರೂ ಅದನ್ನು ಗಮನಿಸಲಿಲ್ಲ.

ಕೈತೊಳೆಯುವ ನಲ್ಲಿಯ ಹತ್ತಿರ ಮೂವರೂ ಒಟ್ಟಿಗೆ ಸೇರಿದರು. ಇತಿಹಾಸ ಎಂದು ಕೇಳಿಸಿಕೊಂಡ ಮಾವ, ಕನ್ನಡ ಎಂದು ಕೇಳಿಸಿಕೊಂಡ ಷಡ್ಡಕ, ಸಮಾಜಶಾಸ್ತ್ರ ಎಂದು ಕೇಳಿಸಿಕೊಂಡ ಅತ್ತಿಗೆ. ಪಾಲಾಕ್ಷ ಅವರ ನಡುವೆ ಒದ್ದೆ ಕೈ ಹಿಡಿದು ನಿಂತಿದ್ದ. ಅವನ ಹೆಂಡತಿ ಕಾಂಚನಾ ದೂರದಿಂದಲೇ ಗಂಡನ ಮುಖ ನೋಡಿ, ಏನೋ ಆಗಿದೆ ಎಂದು ಅರ್ಥಮಾಡಿಕೊಂಡಳು. ಆದರೆ ಅವನನ್ನು ಉಳಿಸಿದವಳು ಕಿರಣ್‌ಕುಮಾರನ ಮಗಳು ಸುನಿತಾ. ಅವಳೂ ಆಗ ತಾನೇ ಎಂ.ಎ.ಗೆ ಅರ್ಜಿ ಹಾಕಲು ನೋಡುತ್ತಿದ್ದಳು.

“ಅಯ್ಯೋ, ಅದಕ್ಕೇನಪ್ಪಾ! ಮೂರೂ ನಿಜಾನೇ,” ಎಂದಳು ಅವಳು. “ಈಗ ಅಂತರ್‌ಶಿಸ್ತೀಯ ಮಾನವಿಕ ಅಧ್ಯಯನ ಅಂತ ಬಂದೈತೆ. ಇತಿಹಾಸ, ಭಾಷೆ, ಸಮಾಜಶಾಸ್ತ್ರ ಎಲ್ಲಾ ಸೇರಿಸಿ ಒಂದೇ ಎಂ.ಎ. ಚಿಕ್ಕಪ್ಪಂದು ಅದೇ ಇರಬೇಕು. ಅಲ್ವಾ ಚಿಕ್ಕಪ್ಪಾ?”

“ಅದೇ,” ಎಂದ ಪಾಲಾಕ್ಷ. ಆ ಪದವನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದ.

ಮಾವ ಅವನನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. ಈ ಸಲ ತೂಕ ಸ್ವಲ್ಪ ಹೆಚ್ಚು ಬಂದಂತಿತ್ತು.

ಹೇಳಿದ ಮೇಲೆ ಮಾಡಲೇಬೇಕಾಯಿತು. ಇಲ್ಲವಾದರೆ ಮುಂದಿನ ಹಬ್ಬಕ್ಕೆ ಚಳ್ಳಕೆರೆಗೆ ಹೋಗುವುದು ಹೇಗೆ? ಸುನಿತಾಳೇ ಒಂದು ವಿಶ್ವವಿದ್ಯಾಲಯದ ಮಾಹಿತಿ ಪುಸ್ತಿಕೆಯನ್ನು ಮೊಬೈಲಿಗೆ ಕಳಿಸಿದಳು. ತರಗತಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ. ಅರ್ಜಿಯ ಜೊತೆ ಒಂದು ಉದ್ದೇಶ ಪತ್ರ ಕೊಡಬೇಕು: ಈ ಅಧ್ಯಯನವನ್ನೇ ಯಾಕೆ ಆರಿಸಿಕೊಂಡಿರಿ, ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ಏನು, ಎರಡು ಪುಟಕ್ಕೆ ಮೀರದಂತೆ ಬರೆಯಿರಿ.

“ಮಾವನಿಗೆ ಹೆದ್ರಿ ಆರಿಸ್ಕೊಂಡೆ ಅಂತ ಬರೀಲಾ?” ಎಂದ ಪಾಲಾಕ್ಷ.

“ಅದು ಒಂದೇ ಸಾಲಾಗುತ್ತೆ. ಎರಡು ಪುಟ ಕೇಳಿದಾರೆ,” ಎಂದಳು ಕಾಂಚನಾ. “ದಿನಾ ಆಫೀಸಿಂದ ಬಂದು ಯಾವ್ದೋ ಬಂಡೆ ಕತೆ ಹೇಳ್ತಿರ್ತೀರಲ್ಲ, ಅದನ್ನೇ ಬರೀರಿ.”

ಆಗ ಪಾಲಾಕ್ಷನಿಗೆ ಹೊಳೆಯಿತು, ತನ್ನ ಬಳಿ ನಿಜವಾಗಿಯೂ ಒಂದು ಪ್ರಶ್ನೆ ಇದೆ ಎಂದು. ಆರು ವರ್ಷದಿಂದ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನು ಹಳೆಯ ಪುಸ್ತಕಗಳ ಧೂಳು ಕೊಡವಿ ಓದುತ್ತಿದ್ದ. ಅವನ ಹುಟ್ಟೂರು ಬಿ.ಜಿ. ಕೆರೆಯಿಂದ ಒಳಗೆ ಒಂದಷ್ಟು ದೂರ. ಆ ಊರಾಚೆ ಒಂದು ಕಲ್ಲುದಿಬ್ಬ ಇದೆ. ಒಂದೊಂದು ಪುಸ್ತಕದಲ್ಲಿ ಅದಕ್ಕೆ ಒಂದೊಂದು ಹೆಸರು, ಊರವರ ಬಾಯಲ್ಲಿ ಇನ್ನೊಂದು. ಅವನು ಕೂತು ಬರೆದ. ಬರೆಯುವಾಗ ಹೆದರಲಿಲ್ಲ. ಕಾಂಚನಾ ಕಾಫಿ ತಂದಿಟ್ಟದ್ದೂ ಅವನಿಗೆ ತಿಳಿಯಲಿಲ್ಲ. ಉದ್ದೇಶ ಪತ್ರದ ಮೊದಲ ಸಾಲು ಹೀಗಿತ್ತು: “ಒಂದೇ ಜಾಗಕ್ಕೆ ನಾಲ್ಕು ಹೆಸರುಗಳಿರುವುದು ನನ್ನ ಗಮನಕ್ಕೆ ಬಂದಿದ್ದು, ಆರು ವರ್ಷಗಳಿಂದ ನಾನು ಇದರ ಬೆನ್ನು ಹತ್ತಿದ್ದೇನೆ.”

ಸರ್ಕಾರಿ ನೌಕರ ಓದಬೇಕಾದರೆ ಮೇಲಿನವರ ಅನುಮತಿ ಬೇಕು. ಪಾಲಾಕ್ಷ ಉದ್ದೇಶ ಪತ್ರದ ಒಂದು ಪ್ರತಿಯನ್ನು ಲಗತ್ತಿಸಿ, “ಅಂತರ್‌ಶಿಸ್ತೀಯ ಮಾನವಿಕ ಸ್ನಾತಕೋತ್ತರ ಅಧ್ಯಯನಕ್ಕೆ ಅನುಮತಿ ಕೋರಿ” ಎಂದು ಅರ್ಜಿ ಬರೆದು ಸಿಬ್ಬಂದಿ ವಿಭಾಗದ ಗೋವರ್ಧನನ ಮೇಜಿನ ಮೇಲಿಟ್ಟ.

ಗೋವರ್ಧನ ಕೆಟ್ಟವನಲ್ಲ. ಯಾವ ಕಾಗದವನ್ನೂ ಮೊದಲ ಸಾಲಿನಿಂದ ಕೆಳಗೆ ಓದುತ್ತಿರಲಿಲ್ಲ, ಅಷ್ಟೆ. ಕಂಪ್ಯೂಟರಿನಲ್ಲಿ ಅರ್ಜಿ ದಾಖಲಿಸುವಾಗ ವಿಷಯ ಯಾವುದೆಂದು ಪಟ್ಟಿಯಿಂದ ಆರಿಸಬೇಕು. ಅವನು ‘ಅಂತರ್’ ಎಂದು ಹೊಡೆದ, ಏನೂ ಬರಲಿಲ್ಲ. ‘ಶಿಸ್ತು’ ಎಂದು ಹೊಡೆದ. ತಕ್ಷಣ ‘ಶಿಸ್ತು ಕ್ರಮ’ ಎಂದು ಬಂತು.

“ಹಾಂ, ಐತೆ ನೋಡು!” ಎಂದು ಗುಂಡಿ ಒತ್ತಿದ. “ಎಲ್ಲಾದಕ್ಕೂ ಜಾಗ ಮಾಡವ್ರೆ.”

ಕಡತ ಜಿಲ್ಲಾ ಕಚೇರಿಯ ಶಿಸ್ತು ಶಾಖೆಗೆ ಹೋಗಿ ಕೂತಿತು. ಅಲ್ಲಿ ಯಾರೋ ಪುಣ್ಯಾತ್ಮರು ಅದನ್ನು ತೆರೆದರು. ಆರೋಪ ಏನೆಂದು ಹುಡುಕಿದರು. ಆರೋಪವಿರಲಿಲ್ಲ. ಲಗತ್ತು ಓದಿದರು. ಒಂದೇ ಜಾಗ, ನಾಲ್ಕು ಹೆಸರು, ಆರು ವರ್ಷದಿಂದ ದಾಖಲೆ ಕೋಣೆ. ಓದಿದವರು ಕುರ್ಚಿಯಿಂದ ಎದ್ದೇಬಿಟ್ಟರಂತೆ.

ಹನ್ನೆರಡನೇ ದಿನ ನೋಟಿಸ್ ಬಂತು. “ಒಂದೇ ಜಮೀನನ್ನು ನಾಲ್ಕು ಹೆಸರುಗಳಲ್ಲಿ ದಾಖಲಿಸಿರುವ ಬಗ್ಗೆ ತಮ್ಮ ಮೇಲೆ ಯಾಕೆ ಶಿಸ್ತು ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.”

ಪಾಲಾಕ್ಷ ಅದನ್ನು ನಿಂತು ಓದಿದ, ಕೂತು ಓದಿದ, ಆಮೇಲೆ ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡು ಓದಿದ. ಕೊನೆಗೆ ಗೋವರ್ಧನನ ಹತ್ತಿರ ಓಡಿದ.

“ನಾನೇನು ಮಾಡೀನಿ ಗೋವರ್ಧನಾ?”

“ಅದು ನಿನಗೇ ಗೊತ್ತಿರಬೇಕಲ್ಲಪ್ಪಾ,” ಎಂದ ಗೋವರ್ಧನ ತಗ್ಗಿದ ದನಿಯಲ್ಲಿ. “ನನ್ ಹೆಸ್ರು ಮಾತ್ರ ಎಲ್ಲೂ ಹೇಳ್ಬೇಡ.”

ಸಂಜೆಯೊಳಗೆ ಸುದ್ದಿ ಕಚೇರಿಯಿಂದ ಟೀ ಅಂಗಡಿಗೆ, ಅಲ್ಲಿಂದ ಮಗ್ಗಗಳ ಬೀದಿಗೆ ಹೋಯಿತು. ಪಾಲಾಕ್ಷನ ಬಾಡಿಗೆ ಮನೆ ಇದ್ದದ್ದು ಆ ಬೀದಿಯಲ್ಲೇ. ಬೆಳಗಿನಿಂದ ಸಂಜೆವರೆಗೆ ಮಗ್ಗದ ಸದ್ದು. ಅವನು ಬೀದಿಗೆ ಕಾಲಿಟ್ಟಾಗ ಸದ್ದು ಒಂದೊಂದೇ ಮನೆಯಲ್ಲಿ ನಿಲ್ಲುತ್ತಾ ಬಂತು. ಜನ ಕಿಟಕಿಯಿಂದ ನೋಡುತ್ತಿದ್ದರು. ಪಾಲಾಕ್ಷ ತಲೆ ತಗ್ಗಿಸಿ ಬೇಗ ಬೇಗ ನಡೆದ.

ಮನೆ ಮಾಲಕಿ ಪಾಪಕ್ಕ ಮೂರು ವರ್ಷದಿಂದ ಅವನಿಗೆ ನೀರಿನ ವಿಷಯಕ್ಕೆ ಬೈಯುವುದನ್ನು ಬಿಟ್ಟು ಬೇರೆ ಮಾತಾಡಿದವಳಲ್ಲ. ಆ ದಿನ ತಟ್ಟೆಯಲ್ಲಿ ನಾಲ್ಕು ಹೋಳಿಗೆ ಇಟ್ಟುಕೊಂಡು ಮೆಟ್ಟಿಲ ಬಳಿ ಕಾಯುತ್ತಿದ್ದಳು.

“ತಗೋ ತಮ್ಮಾ. ಬಿಸಿ ಐದಾವೆ. ನೀರು ಎಷ್ಟು ಬೇಕಾದ್ರು ಬಿಟ್ಕೋ, ನಾನೇನೂ ಅನ್ನಲ್ಲ. ನಾಲ್ಕು ಸೈಟಂತೆ?”

“ಸೈಟಲ್ಲ ಪಾಪಕ್ಕ! ಹೆಸರು! ನಾಲ್ಕು ಹೆಸರು!”

“ಅದೇ ತಮ್ಮಾ, ನಾಲ್ಕು ಹೆಸ್ರಲ್ಲಿ. ಒಂದೇ ಹೆಸ್ರಲ್ಲಿ ಯಾರು ಮಾಡ್ತಾರೆ? ಅಷ್ಟೂ ಗೊತ್ತಾಗಲ್ವಾ ನನಗೆ?”

ನಾಲ್ಕು ಹೋಳಿಗೆಯನ್ನು ಅವನು ತಿನ್ನಲಿಲ್ಲ. ತಿಂದರೆ ಅದೂ ಸಾಕ್ಷಿಯಾದೀತೆಂದು ಹೆದರಿದ.

ಎದುರುಮನೆಯ ಜೋಗಪ್ಪ ನಿವೃತ್ತ ನೌಕರ. ನೌಕರಿಯಲ್ಲಿದ್ದಾಗ ಮೂರು ಸಲ ಅಮಾನತಾಗಿ ಮೂರು ಸಲವೂ ವಾಪಸ್ ಬಂದವರು. ಈ ವಿಷಯದಲ್ಲಿ ಇಡೀ ತಾಲ್ಲೂಕಿಗೆ ಅವರ ಮಾತೇ ಕೊನೆಯ ಮಾತು. ಅವರು ತಾವಾಗಿಯೇ ಬಂದು ಕುರ್ಚಿ ಎಳೆದುಕೊಂಡು ಕೂತರು.

“ಇಷ್ಟು ದಿನ ನಿನ್ನ ಕೈಲಾಗದೋನು ಅಂದ್ಕೊಂಡಿದ್ದೆ ಕಣ್ಲೇ. ಬಲೇ ಮನುಷ್ಯ ನೀನು,” ಎಂದು ಅವನ ಬೆನ್ನು ತಟ್ಟಿದರು. “ಹೆದ್ರಬೇಡ. ಮೊದಲ್ನೇ ಸಲ ಎಲ್ಲಾರಿಗೂ ಹಿಂಗೇ ಆಗುತ್ತೆ. ಸಮಜಾಯಿಷಿ ಬರೆಯೋದಕ್ಕೆ ಒಂದು ಕ್ರಮ ಐತೆ. ದೊಡ್ಡ ತಪ್ಪು ಒಪ್ಕೋಬಾರ್ದು. ಏನೂ ಮಾಡಿಲ್ಲ ಅಂತಾನೂ ಅನ್ಬಾರ್ದು. ಒಂದು ಚಿಕ್ಕ ತಪ್ಪು ಒಪ್ಕೊಂಡುಬಿಡಬೇಕು.”

“ಮಾಡ್ದೇ ಇರೋ ತಪ್ಪು ಹೆಂಗೆ ಒಪ್ಕೊಳ್ಲಿ ಜೋಗಪ್ಪಾರೆ?”

“ಮಾಡಿರೋದನ್ನ ಒಪ್ಕೊಂಡೋರು ಯಾರಾದ್ರು ಇದಾರೇನ್ಲೇ?” ಎಂದರು ಜೋಗಪ್ಪ. “ಬರಿ, ನಾನು ಹೇಳ್ತೀನಿ.”

ಅವರು ಹೇಳಿದರು, ಪಾಲಾಕ್ಷ ಬರೆದ. “ನನ್ನಿಂದ ಅರಿವಿಲ್ಲದೆ ಏನಾದರೂ ಆಗಿದ್ದಲ್ಲಿ ದಯಮಾಡಿ ಮನ್ನಿಸಬೇಕು. ಇನ್ನು ಮುಂದೆ ನಾಲ್ಕು ಹೆಸರುಗಳನ್ನು ಮಾಡುವುದಿಲ್ಲ.” ಆರೋಪವನ್ನು ಒಪ್ಪಿಕೊಂಡ ಕಾಗದ ಆ ಶಾಖೆಗೆ ಅದೇ ಮೊದಲ ಸಲ ಬಂದದ್ದು. ಒಂದು ವಾರದಲ್ಲಿ ವಿಚಾರಣಾಧಿಕಾರಿಯ ನೇಮಕವಾಯಿತು: ಶ್ರೀ ಸಿದ್ದಲಿಂಗೇಶ್. ಬಲು ಕಟ್ಟುನಿಟ್ಟಿನ ಮನುಷ್ಯ. ನಗುವುದಿಲ್ಲ, ಬೇರೆಯವರ ಮನೆಯ ಟೀ ಕುಡಿಯುವುದಿಲ್ಲ.

ಆದೇಶದಲ್ಲಿ ಆ ಹೆಸರನ್ನು ನೋಡಿದಾಗ ಪಾಲಾಕ್ಷನ ಮುಖ ಸುಣ್ಣದಂತಾಯಿತು. “ಇವ್ರೇ?” ಎಂದು ಮೂರು ಸಲ ಕೇಳಿದ. ಯಾಕೆಂದು ಕಾಂಚನಾ ಕೇಳಿದರೆ ಹೇಳಲಿಲ್ಲ. ಆ ರಾತ್ರಿಯಿಂದ ಊಟ ಬಿಟ್ಟ. ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾಯಿತು.

ಭಾನುವಾರ ಚಳ್ಳಕೆರೆಯಿಂದ ಮಾವ ಚಿನ್ನಯ್ಯ ಬಂದರು. ಕೈಯಲ್ಲಿ ಕಡಲೆಕಾಯಿ ಎಣ್ಣೆಯ ಕ್ಯಾನು. ಸಿಟ್ಟಿನಲ್ಲಿದ್ದರೂ ಮಗಳ ಮನೆಗೆ ಬರಿಗೈಲಿ ಬರುವವರಲ್ಲ. ಸಿಟ್ಟು ಬಂದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು.

“ಏಮಯ್ಯಾ! ಏಂ ಚೇಸಿನಾವು?” ಎಂದು ಬಾಗಿಲಲ್ಲೇ ಗುಡುಗಿದರು. ಏನು ಮಾಡಿದೆಯಯ್ಯಾ ಎಂದು. “ಓದ್ತೀನಿ ಅಂದೆ, ಇದಾ ನೀನು ಓದಿದ್ದು? ನಮ್ ವಂಶದಲ್ಲಿ ಯಾರ ಮೇಲೂ ಒಂದು ನೋಟಿಸ್ ಇಲ್ಲ. ಕಾಂಚನಾ, ಬಟ್ಟೆ ಕಟ್ಕೋ. ಇದು ತೀರ್ಮಾನ ಆಗೋವರ್ಗೂ ಚಳ್ಳಕೆರೇಲಿ ಇರು.”

“ನಾನೆಲ್ಲೂ ಬರಲ್ಲಪ್ಪಾ,” ಎಂದಳು ಕಾಂಚನಾ. “ಈವಯ್ಯ ಒಂದು ಇರುವೆ ತುಳಿದ್ರೂ ಮೂರು ದಿನ ನಿದ್ದೆ ಮಾಡಲ್ಲ. ಜಮೀನು ನುಂಗ್ತಾನಾ?”

ಚಿನ್ನಯ್ಯ ಎಣ್ಣೆಯ ಕ್ಯಾನನ್ನು ಮಗಳ ಕೈಗೆ ಕೊಟ್ಟರು. ಮಗಳು ಒಳಗೆ ಹೋಗುವವರೆಗೂ ಕಾದರು. ಆಮೇಲೆ ಅಳಿಯನ ಹತ್ತಿರಕ್ಕೆ ಕುರ್ಚಿ ಜರುಗಿಸಿ ಕಿವಿಯ ಬಳಿ ಕೇಳಿದರು:

“ಹೋಗ್ಲಿ, ನಿಜ ಹೇಳಿ ಅಳಿಯಂದ್ರೆ. ಆ ನಾಲ್ಕರಲ್ಲಿ ಒಂದಾದ್ರೂ ಕಾಂಚನಾ ಹೆಸ್ರಲ್ಲಿ ಐತಾ?”

ಪಾಲಾಕ್ಷ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಇಲ್ಲ ಎಂದು ಅವನು ಹೇಳಿದಾಗ ಮಾವನ ಮುಖದಲ್ಲಿ ಬಂದದ್ದು ಮೊದಲಿಗಿಂತ ದೊಡ್ಡ ಸಿಟ್ಟು.

ಸಿದ್ದಲಿಂಗೇಶರು ಬುಧವಾರ ಬೆಳಿಗ್ಗೆ ಬಂದರು. ಕಚೇರಿಯಲ್ಲಿ ಹತ್ತು ನಿಮಿಷವೂ ಕೂರಲಿಲ್ಲ.

“ಜಮೀನು ತೋರ್ಸಿ. ಕಾಗದದ ಮೇಲೆ ನನಗೆ ನಂಬಿಕೆ ಇಲ್ಲ. ನಾನು ಯಾವುದನ್ನೂ ಕಣ್ಣಾರೆ ನೋಡದೆ ಸಹಿ ಹಾಕಿದವನಲ್ಲ,” ಎಂದರು.

ಪಾಲಾಕ್ಷನಿಗೆ ಬೆವರು ಇಳಿಯಿತು. “ಬೇಡ ಸಾರ್,” ಎಂದ.

“ಯಾಕೆ ಬೇಡ?”

“ಬಿಸಿಲು ಸಾರ್.”

“ಹತ್ತಿ ಜೀಪು! ಹಳೇ ರಿಜಿಸ್ಟರು ಎಲ್ಲಾ ತಗೋಳಿ. ಗೋವರ್ಧನ್, ನೀವೂ ಬನ್ನಿ, ಮಹಜರು ಬರೀಬೇಕು.”

ಜೀಪು ಬಿ.ಜಿ. ಕೆರೆ ದಾಟಿ ಒಳದಾರಿಗೆ ಇಳಿಯಿತು. ಎರಡೂ ಕಡೆ ಶೇಂಗಾ ಹೊಲ, ಅದರಾಚೆ ಬಿಳಿಚಿದ ಹುಲ್ಲು, ಕಲ್ಲು. ಪಾಲಾಕ್ಷ ಮೂರು ರಿಜಿಸ್ಟರುಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವುಗಳಲ್ಲಿ ಒಂದನ್ನು ಮಾತ್ರ ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಸಿದ್ದಲಿಂಗೇಶರು ಅದನ್ನು ಕನ್ನಡಿಯಲ್ಲಿ ನೋಡಿಯೂ ನೋಡದಂತೆ ಇದ್ದರು.

ಊರಾಚೆಯ ದಿಬ್ಬದ ಹತ್ತಿರ ಜೀಪು ನಿಂತಿತು. ಅಲ್ಲಿದ್ದದ್ದು ಒಂದು ದೊಡ್ಡ ಬಂಡೆ, ಅದರ ಸುತ್ತ ಏಳೆಂಟು ಚಿಕ್ಕ ಬಂಡೆ, ಒಂದು ಜಾಲಿಮರ. ಮರದ ನೆರಳಲ್ಲಿ ಒಬ್ಬಳು ಮುದುಕಿ ಮೇಕೆಗಳನ್ನು ಬಿಟ್ಟುಕೊಂಡು ಕೂತಿದ್ದಳು. ಪಾಲಾಕ್ಷನ ತಾಯಿ ಯರ್ರಮ್ಮ. ಜೀಪು ನೋಡಿ ಹೆದರದ ಜೀವ ಆ ವಂಶದಲ್ಲಿ ಅದೊಂದೇ.

“ಯಾಕ್ಲಾ ಪಾಲಾಕ್ಷಾ, ಹಿಂಗೆ ಒಣಗೀಯಾ?” ಎಂದಳು ಅವಳು ಮೊದಲು. ಆಮೇಲೆ ಸಿದ್ದಲಿಂಗೇಶರ ಕಡೆ ತಿರುಗಿ, “ಈವಯ್ಯ ಯಾರು?”

“ಸಾಹೇಬ್ರು ಅವ್ವಾ! ಎದ್ದೇಳವ್ವಾ!”

ಅವಳು ಏಳಲಿಲ್ಲ.

ಸಿದ್ದಲಿಂಗೇಶರು ಸುತ್ತ ಕಣ್ಣಾಡಿಸಿದರು. ಬೇಲಿಯಿಲ್ಲ, ಕಟ್ಟಡವಿಲ್ಲ, ಅಳತೆಯ ಕಲ್ಲಿಲ್ಲ. “ಇದಾ ಜಮೀನು? ಇದರ ನಾಲ್ಕು ಜನ ಮಾಲೀಕರು ಎಲ್ಲಿ?”

“ಮಾಲೀಕರಲ್ಲ ಸಾರ್, ಹೆಸರು,” ಎಂದ ಪಾಲಾಕ್ಷ. ಒಂದು ತಿಂಗಳಿಂದ ಅವನು ಎಲ್ಲರಿಗೂ ಹೇಳುತ್ತಾ ಬಂದ ಮಾತು ಅದು. ಮೊದಲ ಸಲ ಒಬ್ಬರು ಅವನನ್ನು ಪೂರ್ತಿ ಹೇಳಲು ಬಿಟ್ಟರು. “ಈ ಬಂಡೆಗೆ ಸಾರ್. ಇಲ್ಲಿ ದನ ಕಾಯೋರು ತೆಲುಗಲ್ಲಿ ಆವುಲಬಂಡ ಅಂತಿದ್ರು. ಅಂದ್ರೆ ಹಸುಗಳ ಬಂಡೆ. ಬ್ರಿಟಿಷರ ಕಾಲದಲ್ಲಿ ಯಾರೋ ಗುಮಾಸ್ತ ಕಿವೀಲಿ ಕೇಳ್ಕೊಂಡು ಇಂಗ್ಲಿಷಲ್ಲಿ ಔಲ್ ಬಂಡ್ ಅಂತ ಬರ್ದ. ಇಲ್ಲಿದೆ ನೋಡಿ. ಆಮೇಲೆ ಇನ್ನೊಬ್ಬ ಗುಮಾಸ್ತ ಅದನ್ನ ಕನ್ನಡಕ್ಕೆ ಮಾಡ್ದ. ಔಲ್ ಅಂದ್ರೆ ಗೂಬೆ. ಬಂಡ್ ಅಂದ್ರೆ ಒಡ್ಡು. ಅವತ್ತಿಂದ ಇದು ಗೂಬೆ ಒಡ್ಡು ಸಾರ್.”

ಗೋವರ್ಧನ ಬರೆಯುವುದನ್ನು ನಿಲ್ಲಿಸಿದ. ಡ್ರೈವರ್ ಕೂಡ ಜೀಪಿನಿಂದ ಇಳಿದು ಹತ್ತಿರ ಬಂದ.

“ಇಲ್ಲಿ ಗೂಬೆ ಐತಾ?” ಎಂದರು ಸಿದ್ದಲಿಂಗೇಶ್.

“ಹುಟ್ಟಿದಾಗ್ಲಿಂದ ಒಂದೂ ಕಂಡಿಲ್ಲ ಸಾಮಿ,” ಎಂದಳು ಯರ್ರಮ್ಮ. “ಆದ್ರೆ ಪ್ಯಾಟೆಯಿಂದ ಬಂದೋರು ಕಾಗದ ನೋಡ್ಕೊಂಡು, ಇದು ಗೂಬೆ ಜಾಗ, ಒಳ್ಳೇದಲ್ಲ ಅಂತ ಹೆದ್ರಿ ಹೋಗ್ತಾರೆ. ನಮ್ಗೆ ಒಳ್ಳೇದೇ ಆತು.”

“ಒಡ್ಡು ಎಲ್ಲಿದೆ?”

“ಒಡ್ಡಾ? ಯಾವ ಒಡ್ಡು?”

ಸಿದ್ದಲಿಂಗೇಶರ ಕಣ್ಣು ಮಿನುಗಿತು. ಕೊನೆಗೂ ಒಂದು ಅಪರಾಧ ಸಿಕ್ಕಿತು. “ಒಡ್ಡು ಇಲ್ಲ! ಆದರೆ ದಾಖಲೆಯಲ್ಲಿ ಒಡ್ಡು ಇದೆ! ಹಾಗಿದ್ದರೆ ಅದರ ವಾರ್ಷಿಕ ತಪಾಸಣೆ ಆಗಿರಲೇಬೇಕು. ತಪಾಸಣಾ ರಿಜಿಸ್ಟರ್ ಎಲ್ಲಿ?”

ಪಾಲಾಕ್ಷ ಅದುಮಿ ಹಿಡಿದಿದ್ದ ಪುಸ್ತಕವನ್ನು ಎದೆಗೆ ಒತ್ತಿಕೊಂಡ. “ಸಾರ್, ಇದು ಬೇಡ ಸಾರ್.”

“ಕೊಡ್ರೀ ಇಲ್ಲಿ!”

“ಸಾರ್, ನಾನು ತಪ್ಪು ಒಪ್ಕೊಂಡೀನಿ ಸಾರ್. ಬರ್ದು ಕೊಟ್ಟೀನಿ. ಇನ್ನು ಮುಂದೆ ನಾಲ್ಕು ಹೆಸರು ಮಾಡಲ್ಲ. ಇದೊಂದು ಬಿಟ್ಬಿಡಿ!”

ಸಿದ್ದಲಿಂಗೇಶರು ಪುಸ್ತಕವನ್ನು ಕಿತ್ತುಕೊಂಡು ಜೀಪಿನ ಬಾನೆಟ್ಟಿನ ಮೇಲೆ ತೆರೆದರು. ಗಟ್ಟಿಯಾಗಿ ಓದತೊಡಗಿದರು. “ಗೂಬೆ ಒಡ್ಡು: ಖುದ್ದು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಲಾಯಿತು. ಸುಸ್ಥಿತಿಯಲ್ಲಿದೆ. ನೀರಿನ ಸೋರಿಕೆ ಇಲ್ಲ.” ಪುಟ ತಿರುವಿದರು. “ಮುಂದಿನ ವರ್ಷವೂ ಅದೇ! ಸುಸ್ಥಿತಿಯಲ್ಲಿದೆ, ಸೋರಿಕೆ ಇಲ್ಲ! ಇಲ್ಲದೇ ಇರೋ ಒಡ್ಡು ಸೋರೋದು ಹೇಗ್ರೀ? ಯಾವ ಕತ್ತೆಗಳ್ರೀ ಇದಕ್ಕೆ ಸಹಿ ಹಾಕಿದ್ದು? ಒಬ್ಬೊಬ್ಬನನ್ನೂ ಬಿಡಲ್ಲ. ಎಲ್ಲರ ಹೆಸರೂ ಬರ್ಕೊಳ್ಳಿ ಗೋವರ್ಧನ್!”

ಇನ್ನೊಂದು ಪುಟ ತಿರುವಿದರು. ಇನ್ನೊಂದು. ಆಮೇಲೆ ತಿರುವಲಿಲ್ಲ.

ಒಂದು ಮೇಕೆ ಕೆಮ್ಮಿತು. ಗೋವರ್ಧನ ಹೆಸರು ಬರೆದುಕೊಳ್ಳಲೆಂದು ಪೆನ್ನು ಹಿಡಿದು, ಸಾಹೇಬರ ಭುಜದ ಹಿಂದಿನಿಂದ ಪುಸ್ತಕಕ್ಕೆ ಇಣುಕಿದ. ಜೀವನದಲ್ಲಿ ಮೊದಲ ಸಲ ಅವನು ಒಂದು ಕಾಗದವನ್ನು ಕೊನೆಯ ಸಾಲಿನವರೆಗೆ ಓದಿದ.

“ಸಾರ್, ಹನ್ನೊಂದು ವರ್ಷದ ಹಿಂದಿನದು ಇದು. ನೀವು ಆಗ ಇಲ್ಲೇ ಇದ್ರಂತಲ್ಲ ಸಾರ್? ಈ ಸಹಿ ಸ್ವಲ್ಪ ನಿಮ್ ಸಹಿ ಥರಾನೇ...”

ಪಾಲಾಕ್ಷ ಅವನ ತೋಳನ್ನು ಜಿಗುಟಿದ. ತಡವಾಗಿತ್ತು.

ಸಿದ್ದಲಿಂಗೇಶರು ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಬಂಡೆಯ ಕಡೆ ನೋಡಿದರು, ಎಲ್ಲಾದರೂ ಒಂದು ಒಡ್ಡು ಕಂಡೀತೇನೋ ಎಂಬಂತೆ. ಅವರ ಹಣೆಯ ಮೇಲೆ ಮೂಡಿದ ಬೆವರು ಎಂಥದ್ದೆಂದು ಪಾಲಾಕ್ಷನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಪರಿಚಯ ಅವನಷ್ಟು ಇನ್ನಾರಿಗೂ ಇರಲಿಲ್ಲ. ಹೋಗಿ ನೀರಿನ ಬಾಟಲಿ ತಂದುಕೊಟ್ಟ. ಸಿದ್ದಲಿಂಗೇಶರು ಕುಡಿದರು.

“ಇದು... ಇನ್ಯಾರಿಗೆ ಗೊತ್ತು?” ಎಂದರು ಸಣ್ಣ ದನಿಯಲ್ಲಿ.

“ಯಾರಿಗೂ ಹೇಳಿಲ್ಲ ಸಾರ್. ಹೆಂಡ್ತಿಗೂ ಹೇಳಿಲ್ಲ. ಆದೇಶದಲ್ಲಿ ನಿಮ್ ಹೆಸ್ರು ನೋಡಿದ ದಿನದಿಂದ ಊಟಾನೇ ಮಾಡಿಲ್ಲ ಸಾರ್.”

ಸಿದ್ದಲಿಂಗೇಶರು ಅವನ ಸಡಿಲವಾದ ಪ್ಯಾಂಟನ್ನು ನೋಡಿದರು. ಆಮೇಲೆ ಕಡತದಿಂದ ಅವನ ಮೂಲ ಅರ್ಜಿಯನ್ನು ಎಳೆದು, ಬಾನೆಟ್ಟಿನ ಮೇಲಿಟ್ಟು, ಬಹುಶಃ ಆ ಕಡತದ ಚರಿತ್ರೆಯಲ್ಲೇ ಮೊದಲ ಸಲ, ಅದನ್ನು ಪೂರ್ತಿ ಓದಿದರು.

“ನೀವು ಕೇಳಿರೋದು ಓದೋಕೆ ಪರ್ಮಿಷನ್ನು!”

“ಹೌದು ಸಾರ್.”

“ಮೊದಲೇ ಹೇಳೋಕೇನಾಗಿತ್ರೀ ನಿಮಗೆ?”

“ಅದನ್ನೇ ಬರ್ದಿದ್ದೆ ಸಾರ್.”

ಸಿದ್ದಲಿಂಗೇಶರು ಯೋಚಿಸಿದರು. ಪೆನ್ನು ತೆಗೆದರು. “ನೋಡಿ ಪಾಲಾಕ್ಷ, ಪರ್ಮಿಷನ್ ಕೊಡಿ ಅಂತ ಶಿಫಾರಸು ಮಾಡ್ತೀನಿ. ಆದ್ರೆ ಈ ಅಂತರ್‌ಶಿಸ್ತು ಗಿಂತರ್‌ಶಿಸ್ತು ಬೇಡ. ಇತಿಹಾಸ ಅಂತ ಮಾಡ್ಕೊಳ್ಳಿ. ರಾಜರು, ಯುದ್ಧ, ಕೋಟೆ. ಸತ್ತೋರ ವಿಷಯ. ಯಾರಿಗೂ ತೊಂದ್ರೆ ಇಲ್ಲ. ಇಲ್ಲಾ ಬರೀ ಕನ್ನಡ ತಗೊಳ್ಳಿ. ಒಂದು ತಗೊಳ್ಳಿ, ಮುಗಿಸಿ. ಈಗಲೇ ಇಲ್ಲಿ ತಿದ್ದಿ ಕೊಡಿ, ನಾನು ಈಗಲೇ ಸಹಿ ಹಾಕ್ತೀನಿ.”

ಅರ್ಜಿಯನ್ನೂ ಪೆನ್ನನ್ನೂ ಅವನ ಮುಂದೆ ಚಾಚಿದರು.

ಪಾಲಾಕ್ಷ ಪೆನ್ನು ತೆಗೆದುಕೊಂಡ. ಒಂದು ಪದ ಹೊಡೆದು ಹಾಕಿದರೆ ಎಲ್ಲ ಮುಗಿಯುತ್ತಿತ್ತು. ಗೋವರ್ಧನ ಹಿಂದಿನಿಂದ, “ಹೊಡಿ, ಹೊಡಿ,” ಎಂದು ಪಿಸುಗುಟ್ಟಿದ. ಪಾಲಾಕ್ಷ ಆ ಪದದ ಮೇಲೆ ಪೆನ್ನಿಟ್ಟು ಅಲ್ಲೇ ನಿಲ್ಲಿಸಿದ.

“ಆಗಲ್ಲ ಸಾರ್,” ಎಂದ.

“ಏನಂದ್ರಿ?”

“ಇತಿಹಾಸ ಒಂದೇ ಓದಿದ್ರೆ ಹಸು ಹೆಂಗೆ ಗೂಬೆ ಆಯ್ತು ಅಂತ ಗೊತ್ತಾಗಲ್ಲ ಸಾರ್. ಅದಕ್ಕೆ ತೆಲುಗೂ ಗೊತ್ತಿರ್ಬೇಕು. ಕನ್ನಡ ಒಂದೇ ಓದಿದ್ರೆ, ಗೂಬೆ ಒಡ್ಡು ಅಂತ ಐತೆ, ಸರಿ ಅಂತಾರೆ. ಇಲ್ಲಿ ದನ ಕಾಯೋರು ಯಾರಿದ್ರು, ಯಾಕೆ ಹೋದ್ರು ಅಂತ ಸಮಾಜಶಾಸ್ತ್ರದೋರು ಕೇಳ್ತಾರೆ, ಆದ್ರೆ ಅವ್ರು ರಿಜಿಸ್ಟರ್ ನೋಡಲ್ಲ. ಒಂದು ಬಿಟ್ರೂ ಆಗಲ್ಲ ಸಾರ್.” ಅವನು ಪೆನ್ನನ್ನು ಅವರಿಗೇ ವಾಪಸ್ ಚಾಚಿದ. ಮಾತು ಮಾತ್ರ ನಿಲ್ಲಿಸಲಿಲ್ಲ. “ನೀವು ಬೇಕಾದ್ರೆ ನನ್ನ ಸಸ್ಪೆಂಡ್ ಮಾಡಿ ಸಾರ್. ನಿಮ್ ಸಹಿ ವಿಷಯ ಮಾತ್ರ ನಾನು ಎಲ್ಲೂ ಬರೆಯಲ್ಲ. ಅಷ್ಟು ಧೈರ್ಯ ನನಗಿಲ್ಲ.”

ಸಿದ್ದಲಿಂಗೇಶರು ಪೆನ್ನು ತೆಗೆದುಕೊಂಡು ಪಾಲಾಕ್ಷನನ್ನೊಮ್ಮೆ ನೋಡಿದರು. ಆಮೇಲೆ ಅರ್ಜಿಯ ಅಂಚಿನಲ್ಲಿ ಬರೆದರು: “ವಿಷಯವು ಶೈಕ್ಷಣಿಕ ಸ್ವರೂಪದ್ದಾಗಿರುತ್ತದೆ. ಶಿಸ್ತು ಕ್ರಮಕ್ಕೆ ಆಸ್ಪದವಿಲ್ಲ. ಅನುಮತಿ ನೀಡಬಹುದು.” ಸಹಿ ಹಾಕಿದರು. ಸಹಿ ಹಾಕುವ ಮುನ್ನ ಒಮ್ಮೆ ಬಂಡೆಯನ್ನು ಕಣ್ಣಾರೆ ನೋಡಿದರು.

“ಮಹಜರಿಗೆ ಏನು ಬರೀಲಿ ಸಾರ್?” ಎಂದ ಗೋವರ್ಧನ.

“ಒಡ್ಡು ಇರುವುದಿಲ್ಲ ಅಂತ ಬರೀರಿ,” ಎಂದರು ಸಿದ್ದಲಿಂಗೇಶ್. ಹೇಳುವುದು ಅವರಿಗೆ ಸುಲಭವಾಗಲಿಲ್ಲ. “ಬಂಡೆ ಇರುತ್ತದೆ ಅಂತ ಬರೀರಿ.”

ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಯರ್ರಮ್ಮ ಕೋಲು ಊರಿ ಎದ್ದಳು. “ಸಾಮೀ, ಮೂರು ಹೆಸ್ರು ಬರ್ಕೊಂಡ್ರಿ. ನಾಲ್ಕನೇದು ನಮ್ದು, ಅದನ್ನ ಬಿಟ್ರಲ್ಲ? ನಾವು ಹೆಣ್ಮಕ್ಳು ಇದನ್ನ ಗೂಬೆ ಅಂತ್ಲೂ ಅನ್ನಲ್ಲ, ಆವು ಅಂತ್ಲೂ ಅನ್ನಲ್ಲ. ನಮ್ಮವ್ವ, ಅವ್ರವ್ವ ಎಲ್ಲಾ ಇಲ್ಲೇ ಕುಂತು ಬುತ್ತಿ ಬಿಚ್ಚಿ ತಂಗಳು ಮುದ್ದೆ ತಿಂತಿದ್ರು. ತಂಗಳುಬಂಡೆ ಅಂತೀವಿ. ಅದನ್ನೂ ಬರೀರಿ. ಯಾರೂ ಯಾವತ್ತೂ ಬಂದು ಕೇಳ್ಲಿಲ್ಲ ನಮ್ಮನ್ನ.”

ಸಿದ್ದಲಿಂಗೇಶರು ಗೋವರ್ಧನನ ಕಡೆ ತಿರುಗಿದರು. “ಬರೀರಿ,” ಎಂದರು. ಗೋವರ್ಧನ ಬರೆದ.

ಹೊರಡುವಾಗ ಯರ್ರಮ್ಮ ಸೋರೆ ಬುರುಡೆಯಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಯಾರ ಮನೆಯ ಟೀಯನ್ನೂ ಕುಡಿಯದ ಸಿದ್ದಲಿಂಗೇಶರು ಎರಡು ಲೋಟ ಕುಡಿದರು. ಹೆದರಿದ ಮನುಷ್ಯನಿಗೆ ಬಾಯಾರಿಕೆ ಹೆಚ್ಚು.

ಇಪ್ಪತ್ತು ದಿನಕ್ಕೆ ಅನುಮತಿ ಆದೇಶ ಬಂತು. ಕಾಂಚನಾ ಓದಿ ಚಳ್ಳಕೆರೆಗೆ ಫೋನ್ ಮಾಡಿದಳು. ಸೈಟಿಲ್ಲವೆಂದು ಗಟ್ಟಿಯಾದ ಮೇಲೆ ಪಾಪಕ್ಕ ನೀರಿನ ವಾಲ್ವನ್ನು ಮತ್ತೆ ಬಿಗಿ ಮಾಡಿದಳು. ಜೋಗಪ್ಪ ಮಾತು ಬಿಟ್ಟರು. ಇಷ್ಟು ಸಲೀಸಾಗಿ ಪಾರಾದವನು ತಮ್ಮ ಶಿಷ್ಯನೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯಾಗಿತ್ತು.

ಆದೇಶದ ಹಿಂದೆ ಮಹಜರಿನ ಬೆರಳಚ್ಚು ಪ್ರತಿ ಇತ್ತು. ಪಾಲಾಕ್ಷ ಅದನ್ನು ಓದುತ್ತಾ ಕೊನೆಯ ಸಾಲಿಗೆ ಬಂದು ಎದ್ದು ನಿಂತ. “ಸ್ಥಳೀಯ ಮಹಿಳೆಯರು ಸದರಿ ಜಾಗವನ್ನು ತಿಂಗಳಬಂಡೆ ಎಂದು ಕರೆಯುತ್ತಾರೆ.”

ಅವನು ತಾಯಿಗೆ ಫೋನ್ ಹಚ್ಚಿದ. ಹೇಳಬೇಕೋ ಬೇಡವೋ ಎಂದು ಎರಡು ಸಲ ಕಟ್ ಮಾಡಿ ಮೂರನೇ ಸಲ ಹೇಳಿದ.

“ಅವ್ವಾ, ಹೆಸ್ರು ಬರ್ದಿದಾರೆ. ಆದ್ರೆ ತಂಗಳು ಹೋಗಿ ತಿಂಗಳು ಆಗೈತೆ. ಈಗ ಅದು ಚಂದ್ರನ ಬಂಡೆ.”

ಆ ಕಡೆ ಮೇಕೆಗಳ ಸದ್ದಿನ ನಡುವೆ ಯರ್ರಮ್ಮ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು.

“ಸರಿ ಮಾಡ್ಸಕ್ಕೆ ಅರ್ಜಿ ಕೊಡ್ಬೇಕವ್ವಾ,” ಎಂದ ಪಾಲಾಕ್ಷ. “ನನಗೆ ಹೆದ್ರಿಕೆ ಆಗ್ತೈತೆ. ಮತ್ತೆ ಏನೇನಾಗುತ್ತೋ.”

“ಹೆದ್ರಿಕೆ ಆದ್ರೆ ಆಗ್ಲಿ ಬಿಡು,” ಎಂದಳು ಅವಳು. “ಮತ್ತೆ ನೀನು ಓದಕ್ಕೆ ಹೋಗ್ತಿರೋದು ಯಾತಕ್ಕೆ?”